ಪೋರ್ಟಲ್ ಒಳಗೆ ಬಿಡ್ತು, ಡೆಸ್ಕ್‌ಟಾಪ್ ಮತ್ತೆ ಪಾಸ್‌ವರ್ಡ್ ಕೇಳಿತು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಂಪನಿಯಲ್ಲಿ ಐಟಿ ಕೆಲಸ ನನ್ನದು. ಆಲ್ದೂರು, ಮೂಡಿಗೆರೆ, ಕಳಸದ ಎಸ್ಟೇಟ್ ಆಫೀಸುಗಳ ರೈಟರ್‌ಗಳು ಸಿಟ್ರಿಕ್ಸ್ ಪೋರ್ಟಲ್‌ಗೆ ಬಂದು, ಅಲ್ಲಿಂದ ವರ್ಚುವಲ್ ಡೆಸ್ಕ್‌ಟಾಪ್ (ನಮ್ಮ ಸರ್ವರ್‌ನಲ್ಲಿ ಓಡುವ ವಿಂಡೋಸ್) ತೆರೆದು ಸ್ಟಾಕು, ಹಾಜರಿ ಬರೆಯುತ್ತಾರೆ. ಮೇಲ್‌ಗೆ ಒಂದು ಪಾಸ್‌ವರ್ಡ್, ಪೋರ್ಟಲ್‌ಗೆ ಇನ್ನೊಂದು. ಎರಡೂ ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದಿರುತ್ತಿದ್ದವು!

ಹಾಗಾಗಿ ಸಿಂಗಲ್ ಸೈನ್ ಆನ್, ಅಂದರೆ ಎಲ್ಲಕ್ಕೂ ಒಂದೇ ಲಾಗಿನ್. ಮೇಲ್‌ನ ಲಾಗಿನ್ ಹೇಗೂ ಮೈಕ್ರೋಸಾಫ್ಟ್‌ನ ಕ್ಲೌಡ್ ಲಾಗಿನ್ ಸೇವೆ ಎಂಟ್ರಾ ಐಡಿಯಲ್ಲಿತ್ತು (2023ರವರೆಗೆ ಅಜೂರ್ ಎಡಿ ಅಂತಿದ್ದದ್ದು ಇದೇ). ಅದಕ್ಕೂ ಪೋರ್ಟಲ್ ನಡೆಸುವ ಸಿಟ್ರಿಕ್ಸ್‌ನ ಸ್ಟೋರ್‌ಫ್ರಂಟ್‌ಗೂ ಸ್ಯಾಮ್ಲ್ (SAML, ಒಂದು ಕಡೆ ಆದ ಲಾಗಿನ್ನನ್ನು ಇನ್ನೊಂದು ಕಡೆ ನಂಬುವ ವಿಧಾನ) ಜೋಡಿಸಿದೆ. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಪೋರ್ಟಲ್ ತೆರೆಯಿತು, ಡೆಸ್ಕ್‌ಟಾಪ್ ಒತ್ತಿದರೆ ವಿಂಡೋಸ್ ಮತ್ತೆ ಪಾಸ್‌ವರ್ಡ್ ಕೇಳಿತು.

ಯೋಚಿಸಿದರೆ ಕೇಳಲೇಬೇಕು, ಅಲ್ವಾ? 'ಇವರು ಇಂಥವರು' ಅಂತ ಎಂಟ್ರಾ ಸಹಿ ಹಾಕಿ ಕೊಡುವ ಚೀಟಿ ಸ್ಯಾಮ್ಲ್, ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ವಿಂಡೋಸ್‌ಗೋ ಪಾಸ್‌ವರ್ಡ್ ಬೇಕು, ಇಲ್ಲ ಸ್ಮಾರ್ಟ್ ಕಾರ್ಡ್ ಬೇಕು. ಈ ಜಾಗಕ್ಕೇ ಸಿಟ್ರಿಕ್ಸ್‌ನ ಫೆಡರೇಟೆಡ್ ಅಥೆಂಟಿಕೇಶನ್ ಸರ್ವಿಸ್ ಇರುವುದು: ನಮ್ಮದೇ ಸರ್ಟಿಫಿಕೇಟ್ ಸರ್ವರ್‌ನಿಂದ ಆ ಬಳಕೆದಾರರ ಹೆಸರಿಗೆ ಸರ್ಟಿಫಿಕೇಟ್ ಪಡೆದು, ಸ್ಮಾರ್ಟ್ ಕಾರ್ಡ್ ಹಾಕಿದಂತೆಯೇ ಲಾಗಿನ್ ಮಾಡಿಸುತ್ತದೆ.

ಅದನ್ನು ಹಾಕಿದ ಮೇಲೂ ಎರಡು ದಿನ ಒದ್ದಾಡಿದೆ. ಈ ಸರ್ವಿಸ್ ಓಡುವ ಸರ್ವರ್‌ನ ವಿಳಾಸವನ್ನು ಗ್ರೂಪ್ ಪಾಲಿಸಿಯಲ್ಲಿ (ಮಷೀನುಗಳಿಗೆಲ್ಲ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಸ್ಟೋರ್‌ಫ್ರಂಟ್‌ಗೆ ಮಾತ್ರ ಕೊಟ್ಟು, ಡೆಸ್ಕ್‌ಟಾಪ್ ಮಷೀನುಗಳಿಗೆ ಕೊಡುವುದನ್ನು ಮರೆತಿದ್ದೆ. ಅದನ್ನು ಸರಿಮಾಡಿದರೆ 'ದ ರಿಕ್ವೆಸ್ಟ್ ಈಸ್ ನಾಟ್ ಸಪೋರ್ಟೆಡ್' ಅಂತ ಬಂತು. ವಿಂಡೋಸ್ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್‌ಗೇ ಸರ್ಟಿಫಿಕೇಟ್ ಇರಲಿಲ್ಲ. ಹಾಕಿದೆ, ಒಳಗೆ ಹೋಯಿತು.

ಅಸಲಿ ತಮಾಷೆ ಜುಲೈನಲ್ಲಿ. ಮಳೆ, ಗಾಳಿ, ರಾತ್ರಿಯಿಡೀ ಕರೆಂಟ್ ಇಲ್ಲ, ಯುಪಿಎಸ್ ಕೂಡ ಸತ್ತಿತ್ತು. ಬೆಳಿಗ್ಗೆ ಸರ್ವರ್‌ಗಳೆಲ್ಲ ಎದ್ದವು, ಆಫೀಸಿನೊಳಗೆ ಡೊಮೇನ್ ಪಾಸ್‌ವರ್ಡ್ ಹಾಕಿದರೆ ಲಾಗಿನ್ ಸರಿಯಾಗಿದೆ, ಪೋರ್ಟಲ್ ಮಾತ್ರ ಒಬ್ಬರನ್ನೂ ಬಿಡುತ್ತಿಲ್ಲ. ಕಳಸದ ರೈಟರ್ ಫೋನ್ ಮಾಡಿ, "ಸಾರ್, ಹಳೇದೇ ಚೆನ್ನಾಗಿತ್ತಲ್ಲ" ಅಂದರು. ಸ್ಯಾಮ್ಲ್ ಸೆಟ್ಟಿಂಗನ್ನೆಲ್ಲ ಸುಮ್ನೆ ಮೂರು ಸಲ ತಿರುವಿ ಹಾಕಿದ ಮೇಲೆ ಯಾಕೋ ಮೊಬೈಲ್ ಗಡಿಯಾರ ನೋಡಿದೆ. ಸರ್ವರ್ ಏಳು ನಿಮಿಷ ಹಿಂದಿತ್ತು!

ಈ ಸರ್ವರ್‌ಗಳನ್ನೆಲ್ಲ ಓಡಿಸುವ ಹೋಸ್ಟ್ ಮಷೀನಿನ ಸೀಮಾಸ್ ಬ್ಯಾಟರಿ (ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು) ಸೊರಗಿತ್ತು. ಅದರ ಮೇಲೆ ಓಡುವ ಡೊಮೇನ್ ಕಂಟ್ರೋಲರ್ ಹೋಸ್ಟ್‌ನಿಂದ ಸಮಯ ತೆಗೆದುಕೊಂಡಿತು, ಮಿಕ್ಕವೆಲ್ಲ ಡೊಮೇನ್ ಕಂಟ್ರೋಲರ್‌ನಿಂದ. ಡೊಮೇನ್ ಒಳಗಿನ ಲಾಗಿನ್ ನಡೆಸುವ ಕರ್ಬರಾಸ್ 5 ನಿಮಿಷದ ವ್ಯತ್ಯಾಸದವರೆಗೆ ಸಹಿಸುತ್ತದೆ, ಆದರೆ ಒಳಗಿನವರೆಲ್ಲ ಒಟ್ಟಿಗೇ ತಪ್ಪಿದ್ದರಿಂದ ಅದಕ್ಕೆ ಗೊತ್ತೇ ಆಗಲಿಲ್ಲ. ಹೊರಗಿನ ಎಂಟ್ರಾ ಸಮಯ ಸರಿ ಇತ್ತಲ್ಲ, ಅದರ ಚೀಟಿ ನಮ್ಮ ಸರ್ವರ್‌ಗೆ 'ಇನ್ನೂ ಜಾರಿಗೆ ಬಂದಿಲ್ಲ' ಅಂತ ಕಂಡಿತು.

ಹೋಸ್ಟ್‌ನಿಂದ ಸಮಯ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಪಿಡಿಸಿಗೆ (ಡೊಮೇನ್‌ಗೆಲ್ಲ ಸಮಯ ಕೊಡುವ ಮುಖ್ಯ ಡೊಮೇನ್ ಕಂಟ್ರೋಲರ್) ನೇರ ಎನ್‌ಟಿಪಿ, ಅಂದರೆ ನೆಟ್‌ವರ್ಕ್ ಮೂಲಕ ಸರಿ ಸಮಯ, ಕೊಟ್ಟೆ. ಬ್ಯಾಟರಿಯನ್ನೂ ಹಾಕಿಸಿದೆ. ಎಂಟ್ರಾ ಚೀಟಿಗೆ ಸಹಿ ಹಾಕಲು ಬಳಸುವ ಸ್ಯಾಮ್ಲ್ ಸರ್ಟಿಫಿಕೇಟ್ ತಾನಾಗಿ ಬಂದದ್ದು 3 ವರ್ಷಕ್ಕೆ, ಅದು ಮುಗಿಯುವ ದಿನವನ್ನು ನನ್ನ ಫೋನಿನ ಜೊತೆಗೆ ಮ್ಯಾನೇಜರ್ ಫೋನಿನಲ್ಲೂ ರಿಮೈಂಡರ್ ಹಾಕಿಟ್ಟಿದ್ದೇನೆ.