ಜಾಹೀರಾತಿನ ಪ್ರತಿ ಸಾಲಿಗೂ ಒಂದು ದಾಖಲೆ ಕೇಳುತ್ತೇನೆ

ಸಣ್ಣ ಉದ್ದಿಮೆಗಳ ಪ್ಯಾಕೆಟ್, ಕರಪತ್ರ, ವಾಟ್ಸ್ಆ್ಯಪ್ ಪೋಸ್ಟರ್‌ಗಳು ಕಾನೂನಿಗೆ ಸರಿಯಾಗಿವೆಯೇ ಎಂದು ಅಚ್ಚಿಗೆ ಹೋಗುವ ಮೊದಲೇ ನೋಡಿಕೊಡುವುದು ನನ್ನ ಕೆಲಸ. "ನಮ್ಮಂಥ ಚಿಕ್ಕವರನ್ನ ಯಾರು ಕೇಳ್ತಾರೆ ಸರ್?" ಎಂದು ಎಷ್ಟೋ ಜನ ಕೇಳುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಚಿಕ್ಕವರಿಗೆ ರಿಯಾಯಿತಿ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದನ್ನೇ ಮಾಡಿದರೆ 50 ಲಕ್ಷದವರೆಗೆ. ದೂರು ಕೊಡಲು ದೆಹಲಿಗೆ ಬರೆಯಲೇಬೇಕು ಅಂತೇನಿಲ್ಲ, ಜಿಲ್ಲಾಧಿಕಾರಿಗೂ ಕೊಡಬಹುದು.

ನನ್ನ ಕ್ರಮ ಸರಳ. ಪ್ಯಾಕೆಟ್ಟಿನ ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ಗೆರೆ ಎಳೆಯುತ್ತೇನೆ. "ಅಮ್ಮನ ಕೈರುಚಿ" ಎಂಬ ಮಾತಿಗೆ ಗೆರೆ ಬೇಡ. ಅಂಕಿ, ಹೋಲಿಕೆ, ಕಾಯಿಲೆಯ ಹೆಸರು, "ನಂಬರ್ ಒನ್" ಬಂದಲ್ಲೆಲ್ಲ ಗೆರೆ. ಪ್ರತಿ ಗೆರೆಯ ಎದುರಿಗೂ ಒಂದು ದಾಖಲೆ ಇರಬೇಕು. ಇಲ್ಲದಿದ್ದರೆ ಆ ಸಾಲು ಹೋಗಬೇಕು.

ರಾಗಿ ಮಾಲ್ಟ್ ಮಾಡಿ ಮಾರುವ ಒಬ್ಬರು ತಂದ ಪ್ಯಾಕೆಟ್ ನೋಡಿ. ಮುಂದೆ ದಪ್ಪಕ್ಷರದಲ್ಲಿ "ಸಕ್ಕರೆ ಸೇರಿಸಿಲ್ಲ". ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ರಾಗಿ, ಬೆಲ್ಲದ ಪುಡಿ, ಏಲಕ್ಕಿ. ಆಹಾರದ ಜಾಹೀರಾತಿನ 2018ರ ನಿಯಮದ ಪ್ರಕಾರ ಹೀಗೆ ಬರೆಯಬೇಕಾದರೆ ಸಕ್ಕರೆಯ ಬದಲಿಗೆ ಬೆಲ್ಲ, ಜೇನುತುಪ್ಪವನ್ನೂ ಹಾಕಿರಬಾರದು. ಅದನ್ನು "ಬೆಲ್ಲ ಹಾಕಿ ಮಾಡಿದ್ದು" ಎಂದು ಬದಲಿಸಿದೆವು. ನಿಜ ಹೇಳಿದರೂ ಮಾರಾಟಕ್ಕೆ ಒದಗುವ ಮಾತು ಅದು, ಅಲ್ವಾ?

"ಕ್ಯಾಲ್ಸಿಯಂ ಹೇರಳ" ಎಂಬ ಸಾಲೂ ಇತ್ತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಅವರು ಮಾರುತ್ತಿರುವುದು ಬರೀ ರಾಗಿಯಲ್ಲ, ಬೆಲ್ಲ ಬೆರೆಸಿದ ಮಾಲ್ಟ್. ಅದನ್ನೇ ಮಾನ್ಯತೆ ಇರುವ ಲ್ಯಾಬ್‌ಗೆ ಕೊಟ್ಟು ವರದಿ ತನ್ನಿ, ಆಮೇಲೆ ಬರೆಯೋಣ ಎಂದೆ.

ನಾನು ಪಟ್ಟು ಹಿಡಿದದ್ದು "ಸಕ್ಕರೆ ಕಾಯಿಲೆ ವಾಸಿ" ಎಂಬ ಸಾಲಿಗೆ. "ಗಿರಾಕಿಗಳೇ ಹೇಳಿದ್ದು ಸರ್, ಸ್ಕ್ರೀನ್‌ಶಾಟ್ ಇದೆ" ಎಂದರು. ಗಿರಾಕಿಯ ಮಾತನ್ನು ನೀವು ಅಚ್ಚು ಹಾಕಿದ ಮೇಲೆ ಅದಕ್ಕೆ ಹೊಣೆ ನೀವೇ ಮೇಡಂ, ಆಹಾರ ಮಾರುವವರು ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವಂತಿಲ್ಲ ಎಂದೆ. ದಂಡದ ಮಾತು ಹಾಗಿರಲಿ. ಅದನ್ನು ಓದಿ ಯಾರೋ ಒಬ್ಬ ಅಜ್ಜ ಮಾತ್ರೆ ನಿಲ್ಲಿಸಿಬಿಟ್ಟರೆ? ಈ ಕೆಲಸದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಅದೊಂದೇ. ಸಾಲು ತೆಗೆದರು.

ಇನ್ನು ಸ್ಟಾರ್ ಗುರುತು. ಮೇಲೆ ದೊಡ್ಡದಾಗಿ "ಉಚಿತ*", ಕೆಳಗೆ ಕಾಣದಷ್ಟು ಸಣ್ಣಗೆ "ಷರತ್ತುಗಳು ಅನ್ವಯ". ದಾರಿ ತಪ್ಪಿಸುವ ಜಾಹೀರಾತು ತಡೆಯಲು ಪ್ರಾಧಿಕಾರದ 2022ರ ಮಾರ್ಗಸೂಚಿ ಬಂದ ಮೇಲೆ ಈ ಆಟ ನಡೆಯುವುದಿಲ್ಲ. ಜಾಹೀರಾತು ಕನ್ನಡದಲ್ಲಿದ್ದರೆ ಷರತ್ತೂ ಕನ್ನಡದಲ್ಲೇ ಇರಬೇಕು, ಅದೇ ಫಾಂಟ್, ಎದ್ದು ಕಾಣುವ ಜಾಗ. ಅದಕ್ಕಿಂತ ಮುಖ್ಯವಾದದ್ದು, ಮೇಲೆ ಹೇಳಿದ ಸುಳ್ಳನ್ನು ಕೆಳಗಿನ ಷರತ್ತಿನಿಂದ ಸರಿಪಡಿಸುವಂತಿಲ್ಲ. ಹಾಗಾಗಿ ನಾನು ಮೊದಲು ಓದುವುದೇ ಕೆಳಗಿನ ಷರತ್ತು ಬಿಟ್ಟು ಮೇಲಿನ ಸಾಲನ್ನು. ಅದಷ್ಟೇ ಓದಿದವನು ಮೋಸ ಹೋಗುತ್ತಾನೆ ಎಂದರೆ ಸಾಲೇ ಬದಲಾಗಬೇಕು.

ರೀಲ್ಸ್ ಮಾಡುವವರಿಗೆ ದುಡ್ಡು ಕೊಡದೆ ಸುಮ್ನೆ ಒಂದು ಡಬ್ಬಿ ಮಾಲ್ಟ್ ಕಳಿಸಿದರೂ ಅದು ಜಾಹೀರಾತೇ. ಕನ್ನಡದ ರೀಲಿನಲ್ಲಿ "ಜಾಹೀರಾತು" ಎಂದು ಕನ್ನಡದಲ್ಲೇ ಕಾಣಬೇಕು, ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಅಡಗಿಸಬಾರದು. ಡಬ್ಬಿ ಕಳಿಸುವಾಗಲೇ ಇದನ್ನು ಬರೆದು ರೀಲ್ಸ್ ಮಾಡುವವರ ಒಪ್ಪಿಗೆ ತೆಗೆದುಕೊಳ್ಳಲು ಹೇಳುತ್ತೇನೆ.

ಪ್ರಾಧಿಕಾರದಿಂದ ನೋಟಿಸ್ ಬಂದೇಬಿಟ್ಟರೆ ಗಾಬರಿಯಾಗಿ ಪೋಸ್ಟ್ ಅಳಿಸಿ ಕೂರುವವರೇ ಹೆಚ್ಚು. ಜಾಹೀರಾತು ನಿಲ್ಲಿಸಿ, ಆದರೆ ಅದರ ಪ್ರತಿ ಇಟ್ಟುಕೊಳ್ಳಿ. ಎಲ್ಲೆಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಹಾಕಿದ್ದಿರಿ ಎಂದು ಬರೆದಿಡಿ. ದಂಡ ಎಷ್ಟೆಂದು ತೀರ್ಮಾನಿಸುವಾಗ ಎಷ್ಟು ಜನಕ್ಕೆ ತಟ್ಟಿತು, ಎಷ್ಟು ಕಾಲ ನಡೆಯಿತು, ಅದರಿಂದ ಎಷ್ಟು ವ್ಯಾಪಾರವಾಯಿತು ಎಂದು ಪ್ರಾಧಿಕಾರ ನೋಡುತ್ತದೆ. ನಿಮ್ಮ ಮಾತು ಕೇಳದೆ ದಂಡ ಹಾಕುವಂತಿಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಉತ್ತರದ ಜೊತೆ ಲ್ಯಾಬ್ ವರದಿಯನ್ನೂ ಲಗತ್ತಿಸಿ. ವರದಿಯ ತಾರೀಖು ಜಾಹೀರಾತಿಗಿಂತ ಮೊದಲಿನದಾಗಿರಬೇಕು.