ಮಳೆಗಾಲ ಕಳೆದ ಮೇಲೆ ಹಳೆಯ ಮಿಲಿಟರಿ ಡಾಡ್ಜ್ ಪಿಕಪ್ ಚಾಲೂ ಮಾಡುವ ಕ್ರಮ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಶೆಡ್ಡಿನಲ್ಲಿ ಮಳೆಗಾಲವಿಡೀ ನಿಂತ ಗಾಡಿಯನ್ನು ಕೆಡಿಸುವುದು ತೇವ. ಎರಡನೆಯ ಮಹಾಯುದ್ಧಕ್ಕೆಂದು 1942ರಿಂದ 1945ರವರೆಗೆ ತಯಾರಾದ ಡಾಡ್ಜ್ ಮುಕ್ಕಾಲು ಟನ್ ಪಿಕಪ್‌ನಲ್ಲಿ ಕಂಪ್ಯೂಟರ್, ಸೆನ್ಸರ್ ಯಾವುದೂ ಇಲ್ಲದ ಕಾರಣ, ಆ ತೇವ ಎಲ್ಲಿ ಸೇರಿದೆ ಎಂಬುದನ್ನು ಕಣ್ಣು, ಮೂಗು, ಕೈಗಳಿಂದಲೇ ಪತ್ತೆಹಚ್ಚಬಹುದು. ಇಷ್ಟು ಮುಚ್ಚುಮರೆಯಿಲ್ಲದ ಗಾಡಿ ಈಗ ಸಿಗುವುದಿಲ್ಲ.

ಬಂದವರೇ ಸೆಲ್ಫ್ ಒತ್ತಬೇಡಿ. ಈ ಆರು ಸಿಲಿಂಡರಿನ ಎಂಜಿನ್ನಿನ ವಾಲ್ವುಗಳು ಹೆಡ್ಡಿನಲ್ಲಿರದೆ ಬ್ಲಾಕಿನಲ್ಲೇ ಇರುತ್ತವೆ. ತುಕ್ಕು ಹಿಡಿದರೆ ತೆರೆದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತವೆ. ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ರಂಧ್ರಕ್ಕೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ರಾತ್ರಿಯಿಡೀ ಹಾಗೆಯೇ ಇರಿಸಿ. ಮರುದಿನ ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟಾರ್ಟಿಂಗ್ ಹ್ಯಾಂಡಲಿನಿಂದ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ. ಬಿಗಿ ಕಂಡರೆ ಬಲ ಹಾಕದೆ ಮತ್ತಷ್ಟು ಆಯಿಲ್ ಬಿಟ್ಟು ಕಾಯಿರಿ.

ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿಬಿಡಿ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಪೆಟ್ರೋಲ್ ಪಂಪಿನೊಳಗಿನ ಹಳೆಯ ರಬ್ಬರ್ ಪೊರೆಯನ್ನೂ (ಡಯಾಫ್ರಮ್) ಹಾಳುಮಾಡುತ್ತದೆ. ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುವುದರಿಂದ, ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಎಳೆದು ಮೂಸಿ ನೋಡುವುದು ಕಡ್ಡಾಯ.

ಬಳಿಕ ಪ್ಲಗ್‌ಗಳಿಗೆ ಕಿಡಿಯ ಕರೆಂಟನ್ನು ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆಯಿರಿ. ಒಳಗೆ ಬೆವರಿದಂತೆ ಹನಿ ಕಂಡರೆ ಒಣಬಟ್ಟೆಯಿಂದ ಒರೆಸಿ, ಒಳಗೆ ತೆರೆದು ಮುಚ್ಚುವ ಲೋಹದ ಪಾಯಿಂಟುಗಳ ಮೇಲೆ ಕೂತ ಮಾಸಲು ಪದರವನ್ನು ನಯವಾದ ಅರದಿಂದ ಉಜ್ಜಿ, ಪೂರ್ತಿ ತೆರೆದಾಗ ನಡುವಿನ ಅಂತರ 0.5 ಮಿ.ಮೀ. ಇರುವಂತೆ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿ) ಹೊಂದಿಸಿ. ಸೆಲ್ಫ್ ಮಂದವಾಗಿ ತಿರುಗಿತೆಂದು ಹಲವರು 6 ವೋಲ್ಟಿನ ವೈರಿಂಗನ್ನೇ ಕಿತ್ತು 12 ವೋಲ್ಟಿಗೆ ಬದಲಿಸುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ವೋಲ್ಟೇಜ್ ಕಡಿಮೆಯಾದಷ್ಟೂ ಕರೆಂಟ್ ಹೆಚ್ಚು ಹರಿಯಬೇಕಾದ್ದರಿಂದ, ಬ್ಯಾಟರಿಯನ್ನು ಗಾಡಿಯ ಲೋಹಕ್ಕೆ ಜೋಡಿಸುವ ಅರ್ತ್ ಪಟ್ಟಿಯ ಅಡಿಯ ತುಕ್ಕನ್ನು ಲೋಹ ಹೊಳೆಯುವ ತನಕ ಕೆರೆದು, ದಪ್ಪ ಕೇಬಲ್ ಹಾಕಿದರೆ ಬಹುಪಾಲು ಸಾಕಾಗುತ್ತದೆ.

ಎಂಜಿನ್ ಹೊತ್ತಿಕೊಂಡ ಖುಷಿಯಲ್ಲಿ ಬ್ರೇಕ್ ಮರೆಯಬಾರದು. ನಾಲ್ಕೂ ಚಕ್ರಗಳಿಗೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್ ಇರುವುದರಿಂದ ಎಲ್ಲಿ ಸೋರಿದರೂ ಕಾಲ್ಬ್ರೇಕ್ ಪೂರ್ತಿ ಕೈಕೊಡುತ್ತದೆ. ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದಾಗ ಅದು ಕೆಳಗಿಳಿಯುತ್ತ ಹೋದರೆ, ಘಾಟಿಯ ಮಾತು ಹಾಗಿರಲಿ, ಗಾಡಿಯನ್ನು ಶೆಡ್ಡಿನಿಂದಲೇ ಹೊರತೆಗೆಯಬೇಡಿ.