ಹೆಬ್ಬೆರಳು ಎತ್ತಬಾರದಿತ್ತು

ಅಂಡಮಾನ್ ಪ್ರವಾಸದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಅಂದರೆ ಸ್ಕೂಬಾ ಡೈವಿಂಗನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳದೇ ಇದ್ದದ್ದು. ಡೈವ್ ಮಾಡಿದ ಕೂಡಲೇ ವಿಮಾನ ಹತ್ತುವ ಹಾಗಿಲ್ಲ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ಬಿಡಬೇಕು. ನೀರಿನಡಿ ಒತ್ತಡಕ್ಕೆ ಮೈಯೊಳಗೆ ಕರಗಿದ ಸಾರಜನಕ ಹೊರಗೆ ಹೋಗಲು ಅಷ್ಟು ಹೊತ್ತು ಬೇಕು. ಅದಕ್ಕೇ ಹ್ಯಾವ್‌ಲಾಕ್ ತಲುಪಿದ ಮರುದಿನ ಬೆಳಿಗ್ಗೆಗೇ ಬುಕ್ ಮಾಡಿದ್ದೆ. 2018ರಿಂದ ಆ ದ್ವೀಪದ ಹೆಸರು ಸ್ವರಾಜ್ ದ್ವೀಪ, ಆದರೆ ಜನರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ.

ನೀರಿಗೆ ಇಳಿಯುವ ಮುಂಚೆ ಆರೋಗ್ಯದ ಫಾರ್ಮ್ ತುಂಬಿಸಿಕೊಂಡರು. ಅಸ್ತಮಾ ಇದೆಯಾ, ಕಿವಿಯ ತೊಂದರೆ ಇದೆಯಾ, ನೆಗಡಿ ಇದೆಯಾ. ಬರುವಾಗ ಎಸಿ ಗಾಳಿಗೆ ಮೂಗು ಸ್ವಲ್ಪ ಕಟ್ಟಿತ್ತು. ಇಷ್ಟು ದೂರ ಬಂದು ಇದಕ್ಕೆಲ್ಲ ಹೆದರುವುದಾ ಅಂತ 'ಇಲ್ಲ' ಎಂದು ಬರೆದುಬಿಟ್ಟೆ.

ಸೊಂಟ ಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿಸಿದರು. ಬಾಯಲ್ಲಿ ಮಾತ್ರ ಉಸಿರಾಟ. ಉಸಿರು ಬಿಗಿಹಿಡಿಯಲೇಬಾರದು. ಮಾಸ್ಕಿನೊಳಗೆ ನೀರು ಬಂದರೆ ಮೇಲಂಚು ಒತ್ತಿ ಮೂಗಿನಿಂದ ಊದಬೇಕು. ಆಮೇಲೆ ಕೈ ಸನ್ನೆಗಳು. ಬೆರಳು ಸೇರಿಸಿ ಸೊನ್ನೆ ಮಾಡಿದರೆ ಎಲ್ಲ ಸರಿ ಇದೆ ಅಂತ. ಹೆಬ್ಬೆರಳು ಮೇಲೆತ್ತಿದರೆ 'ಮೇಲೆ ಹೋಗೋಣ' ಅಂತ. ಇನ್‌ಸ್ಟ್ರಕ್ಟರ್ ಮೂರು ಸಲ ಹೇಳಿದ್ದರು. ಆದರೂ ಕೆಳಗೆ ಮೊದಲ ಮೀನು ಕಂಡ ಖುಷಿಗೆ ಹೆಬ್ಬೆರಳು ಎತ್ತಿಬಿಟ್ಟೆ. ಸುಮ್ನೆ ನನ್ನನ್ನು ಹಿಡಿದು ಮೇಲೆ ತಂದುಬಿಟ್ಟರು!

ಮತ್ತೆ ಇಳಿದೆವು. ಮೂರು ಮೀಟರ್ ಇರಬಹುದು, ಕಿವಿಗೆ ಯಾರೋ ಕಡ್ಡಿ ಚುಚ್ಚಿದ ಹಾಗಾಯಿತು. ಘಾಟಿ ಇಳಿಯುವಾಗ ಕಿವಿ ಗವ್ ಅನ್ನುತ್ತಲ್ಲ, ಅದರ ಹತ್ತರಷ್ಟು. ಮೂಗು ಹಿಡಿದು ಊದಿದೆ, ಕಿವಿ ಬಿಡಲಿಲ್ಲ. ಮೇಲೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು, "ಸರ್, ನೆಗಡಿ ಇತ್ತಲ್ವಾ?"

ಅಂದಿನ ಡೈವ್ ಅಲ್ಲಿಗೇ ಮುಗಿಯಿತು. ಮೂಗು ಪೂರ್ತಿ ಬಿಟ್ಟ ಮೇಲೆ ಬನ್ನಿ ಅಂದರು.

ಎರಡು ದಿನ ಬೀಚುಗಳಲ್ಲೇ ಕಳೆದೆ. ರಾಧಾನಗರ್ ಬೀಚಿನ ಬಗ್ಗೆ ಕೇಳಿದ ಹೊಗಳಿಕೆಯೆಲ್ಲ ನಿಜ. ಆದರೆ ಹೊತ್ತು ನೋಡಿಕೊಂಡು ಹೋಗಬೇಕು. ಡಿಸೆಂಬರ್‌ನಲ್ಲಿ ಸಂಜೆ ಐದೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಕಾಲಾಪತ್ಥರ್ ಪೂರ್ವದ ಕಡೆ ಇರುವುದರಿಂದ ಬೆಳಿಗ್ಗೆಗೆ ಚೆನ್ನ. ಹವಳದ ಚೂರುಗಳು ಕಾಲಡಿಯಲ್ಲೇ ಬಿದ್ದಿರುತ್ತವೆ. ಸತ್ತ ಹವಳವೇ ಆದರೂ ಮನೆಗೆ ತರುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ.

ಮೂರನೇ ದಿನ ಮೂಗು ಬಿಟ್ಟಿತ್ತು. ಆಳಕ್ಕೆ ಹೋದಷ್ಟೂ ಕಷ್ಟ ಅಂತ ನಾನು ತಿಳಿದಿದ್ದೆ. ಕಿವಿಯ ಮಟ್ಟಿಗೆ ನಿಜವಾದ ಕಷ್ಟ ಮೇಲೇ ಇರುವುದು. ನೀರಿನ ಮೇಲಿಂದ 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡರಷ್ಟಾಗುತ್ತದೆ. ಅದು ಮತ್ತೆ ಎರಡರಷ್ಟಾಗಬೇಕಾದರೆ 30 ಮೀಟರ್‌ವರೆಗೆ ಹೋಗಬೇಕು. ಹಾಗಾಗಿ ನೋವು ಬಂದ ಮೇಲೆ ಊದಿದರೆ ಕೆಲಸ ತಡವಾಯಿತು ಅಂತಲೇ ಅರ್ಥ. ತಲೆ ಮುಳುಗುವ ಮುಂಚೆಯೇ ಒಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿದೆ. ಆಮೇಲೆ ಮೊಳಕ್ಕೊಂದು ಸಲ. ಬಿಡದಿದ್ದರೆ ಅರ್ಧ ಮೀಟರ್ ಮೇಲೆ ಬಂದು ಮತ್ತೆ. ಜೋರಾಗಿ ಮಾತ್ರ ಊದಬಾರದು, ಕಿವಿಗೇ ಪೆಟ್ಟು. ಟಕ್ ಅಂತ ಎರಡೂ ಕಿವಿ ತೆರೆದಾಗ ಆದ ನೆಮ್ಮದಿ ಅಷ್ಟಿಷ್ಟಲ್ಲ.

ಹತ್ತು ಮೀಟರ್ ಹತ್ತಿರ ಹೋಗಿದ್ದೆವು. ನನ್ನಂಥ ಹೊಸಬರಿಗೆ 12 ಮೀಟರ್ ಮಿತಿ. ಕೈಗೆ ಕಟ್ಟಿದ್ದ ಕೆಂಪು ದಾರ ಅಲ್ಲಿ ಮಾಸಲು ಕಂದು. ನೀರು ಮೊದಲು ನುಂಗುವುದು ಕೆಂಪನ್ನೇ. ಕಡಲಹೂವಿನೊಳಗಿಂದ ಒಂದು ಕ್ಲೌನ್ ಮೀನು ಹೊರಗೆ ನುಗ್ಗಿ ನನ್ನ ಮಾಸ್ಕಿಗೇ ಬಂತು. ಬೆರಳುದ್ದ ಇಲ್ಲ, ಧೈರ್ಯ ನೋಡಿ! ಪಕ್ಕದಲ್ಲಿ ಗಿಳಿಮೀನೊಂದು ಹವಳ ಕೆರೆದು ತಿನ್ನುತ್ತಿತ್ತು. ಚಕ್ಕುಲಿ ಕಡಿದ ಹಾಗೆ ಕಟಕಟ ಸದ್ದು ಕೇಳುತ್ತಿತ್ತು. ನೀರಿನೊಳಗೆ ಮೌನ ಅಂತ ಯಾರು ಹೇಳಿದ್ದೋ.

ಇನ್‌ಸ್ಟ್ರಕ್ಟರ್ ಗಾಳಿಯ ಮೀಟರ್ ನೋಡಿ ಹೆಬ್ಬೆರಳು ಎತ್ತಿದರು. ಕಾಣದವನ ಹಾಗೆ ಗಿಳಿಮೀನಿನ ಕಡೆ ತಿರುಗಿದೆ. ಅವರು ಭುಜ ತಟ್ಟಿ, ಮುಖದ ಮುಂದೆಯೇ ಹಿಡಿದು ಮತ್ತೆ ಎತ್ತಿದರು.